ಅತ್ತೆಯ ಘಟ್ಟದ ತಾಲೀಮು

ನಮ್ಮ ಅತ್ತೆಗೆ ಗಾಡಿ ಆಗಿಬರುತ್ತಿರಲಿಲ್ಲ. ಹತ್ತಿ ಕೂತರೆ ಸಾಕು, ನಮ್ಮೂರು ಯಮಕನಮರಡಿಯ ಅಗಸಿ ಬಾಗಿಲು ದಾಟುವುದರೊಳಗೆ ಮುಖ ಬಿಳಿಚಿಕೊಂಡು, ಸೆರಗು ಬಾಯಿಗೆ ಒತ್ತಿಕೊಂಡು, ಗಾಡಿ ನಿಲ್ಲಿಸಿ ಎಂದು ಕೈಸನ್ನೆ ಮಾಡುತ್ತಿದ್ದರು. ಎತ್ತುಗಳೇ ನಾಚಿಕೊಂಡು ನಿಲ್ಲುತ್ತವೆ ಎಂದು ಮಾವ ಚೇಷ್ಟೆ ಮಾಡುತ್ತಿದ್ದರು. ಮದುವೆಯಾಗಿ ಈ ಮನೆಗೆ ಬರುವಾಗಲೂ ಆಕೆ ಗಾಡಿಯ ಹಿಂದೆ ನಡೆದುಕೊಂಡೇ ಬಂದರಂತೆ. ಮದುಮಗಳು ಧೂಳಲ್ಲಿ ಮಿಂದು ಹೊಸ್ತಿಲ ಮುಂದೆ ನಿಂತಿದ್ದನ್ನು ಓಣಿಯ ಮುದುಕಿಯರು ನನ್ನ ಕಾಲದವರೆಗೂ ನೆನೆದು ನಗುತ್ತಿದ್ದರು.

ಇಂಥ ಅತ್ತೆಯ ಒಬ್ಬಳೇ ಮಗಳನ್ನು, ನನ್ನ ನಾದಿನಿಯನ್ನು, ಘಟ್ಟದ ಕೆಳಗೆ ಕೊಂಕಣದ ಒಂದು ಊರಿಗೆ ಕೊಟ್ಟಿದ್ದರು. ಅಳಿಯನದು ಕಿರಾಣಿ ವ್ಯಾಪಾರ, ನಮ್ಮದೇ ಜನ, ಮನೆ ಒಳ್ಳೆಯದು. ಆದರೆ ಹುಡುಗಿಗೆ ಎರಡು ಸಲ ಬಸಿರು ನಿಂತಿರಲಿಲ್ಲ. ಎರಡು ಸಲವೂ ಸುದ್ದಿ, ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಘಟ್ಟ ಏರಿ ಬರುವ ಹೇರಿನವರ ಬಾಯಿಂದ ಬಂತು. ಎರಡು ಸಲವೂ ಅತ್ತೆ ಒಲೆಯ ಮುಂದೆ ಕೂತು ಅತ್ತು, ಮುಖ ತೊಳೆದು, ರೊಟ್ಟಿ ಬಡಿದರು. ಮೂರನೆಯ ಸಲ ಬಸಿರು ಗಟ್ಟಿಯಾಯಿತು. ಆದರೆ ಹುಡುಗಿ ಎಲ್ಲಿಗೂ ಅಲುಗಾಡಬಾರದು, ತವರಿಗೆ ಹೋಗುವ ಮಾತೇ ಬೇಡ ಎಂದು ಅಲ್ಲಿಯ ಸೂಲಗಿತ್ತಿ ಹೇಳಿದ್ದಳಂತೆ. ಹಾಗಾದರೆ ಕುಬಸ? ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಖಣದ ಕುಬಸ ತೊಡಿಸಿ, ಕೈತುಂಬ ಬಳೆ ಇಡಿಸಿ ಉಡಿ ತುಂಬಬೇಕು. ಅದನ್ನು ಬೇರೆಯವರ ಕೈಯಲ್ಲಿ ಮಾಡಿಸುವುದು ಅತ್ತೆಯ ಮನಸ್ಸಿಗೆ ಬರಲೇ ಇಲ್ಲ.

"ನಾನ ಹೋಗತೇನಿ. ನನ್ನ ಕೈಲೆ ತೊಡಸತೇನಿ," ಎಂದರು.

ಮಾವ ಬೆಲ್ಲದ ವ್ಯಾಪಾರದಲ್ಲಿ ಹರೆಯದ ಕಾಲಕ್ಕೆ ಆ ಘಟ್ಟ ಏರಿ ಇಳಿದವರು. ಮಾತು ಕಡಿಮೆ. ಹೇಳಿದ್ದನ್ನು ಮತ್ತೆ ಹೇಳುತ್ತಿರಲಿಲ್ಲ.

"ಗಾಡಿ ದಾರಿ ಬಾಳ ಸುತ್ತು, ನಿನಗ ಆಗೂದಿಲ್ಲ. ಘಟ್ಟದ ಕಾಲ್ದಾರಿ ಒಂದು ಹಗಲಿಂದು, ಖರೆ ಅದು ಕಸುವು ಇದ್ದವರಿಗೆ. ಇನ್ನ ಒಂದು ತಿಂಗಳ ಟೈಮ ಐತಿ. ದಿನಾ ನಮ್ಮೂರ ಗುಡ್ಡಾ ಹತ್ತಿ ಇಳಿ. ನಡುವ ಕುಂದ್ರಲಾರದ ಹತ್ತಿದಿ ಅಂದ್ರ ಕರಕೊಂಡ ಹೋಗತೇನಿ."

ಅತ್ತೆ ನನ್ನ ಕಡೆ ನೋಡಿದರು. ಅಲ್ಲಿಗೆ ನನ್ನ ಹಣೆಬರಹವೂ ಬರೆದಾಯಿತು. ನಾನಾಗ ಹೊಸ ಸೊಸೆ. ಯಜಮಾನರು ಮೂಡಲಗಿ ಪೇಟೆಯಲ್ಲಿ ಒಂದು ದಲ್ಲಾಳಿಯ ಅಡತಿ ಅಂಗಡಿಯಲ್ಲಿದ್ದು ಆಗೊಮ್ಮೆ ಈಗೊಮ್ಮೆ ಮನೆಗೆ ಬರುತ್ತಿದ್ದರು. ಹಾಗಾಗಿ ನನ್ನನ್ನು ಎಲ್ಲಿಗೆ ಬೇಕಾದರೂ ಎಳೆದುಕೊಂಡು ಹೋಗಲು ಅತ್ತೆಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಮೊದಲ ತೊಡಕು ಚಪ್ಪಲಿಯದು. ನಮ್ಮ ಮನೆತನದ ಹೆಂಗಸರು ಊರೊಳಗೆ ಚಪ್ಪಲಿ ಮೆಟ್ಟುತ್ತಿರಲಿಲ್ಲ, ಹಿರಿಯರ ಮುಂದಂತೂ ಇಲ್ಲವೇ ಇಲ್ಲ. ಮಾವ ತಾವೇ ಇಬ್ಬರಿಗೂ ಚಪ್ಪಲಿ ಹೊಲಿಸಿ ತಂದು, ಔಡಲೆಣ್ಣೆಯಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಕೊಟ್ಟರು. ಹೊಸ ಚಪ್ಪಲಿಯಲ್ಲಿ ಘಟ್ಟ ಹತ್ತಿದರೆ ಅರ್ಧ ದಾರಿಗೇ ಹಿಮ್ಮಡಿ ಕಿತ್ತು ಕೂರಬೇಕಾಗುತ್ತದೆ, ಈಗಿನಿಂದಲೇ ಕಾಲಿಗೆ ಪಳಗಿಸಿ ಎಂದರು. ಅತ್ತೆ ಅವನ್ನು ಅರಿವೆಯಲ್ಲಿ ಸುತ್ತಿ ಕಂಕುಳಲ್ಲಿ ಅವುಚಿಕೊಂಡು ಅಗಸಿ ದಾಟುತ್ತಿದ್ದರು. ಊರು ಹಿಂದಾದ ಮೇಲೆ ಒಂದು ಬೇವಿನ ಗಿಡದ ಮರೆಗೆ ಹೋಗಿ, ಆ ಕಡೆ ಈ ಕಡೆ ನೋಡಿ, ಮೆಟ್ಟುತ್ತಿದ್ದರು. ಕಳ್ಳತನ ಮಾಡಿದವರೂ ಅಷ್ಟು ಅಂಜುವುದಿಲ್ಲ. ಮೆಟ್ಟಿದ ಮೇಲೆ ನಾಲ್ಕು ದಿನ ಕೊಕ್ಕರೆಯ ಹಾಗೆ ಕಾಲೆತ್ತಿ ಇಟ್ಟು ನಡೆದರು. ನಾನು ನಕ್ಕೆ. ಬೆನ್ನಿಗೆ ಒಂದು ಗುದ್ದು ಬಿತ್ತು.

ಎರಡನೆಯ ತೊಡಕು ಊರವರ ಬಾಯಿ. ಕೆಲಸವಿಲ್ಲದೆ ಗುಡ್ಡ ಹತ್ತಿ ಇಳಿಯುವ ಅತ್ತೆ-ಸೊಸೆಯನ್ನು ಯಾರು ಬಿಟ್ಟಾರು? ಅದಕ್ಕೆ ಅತ್ತೆ ಕುಡಗೋಲು ಹಿಡಿದು ಹೊರಟರು. ಬರುವಾಗ ತಲೆಯ ಮೇಲೆ ಕಟ್ಟಿಗೆ ಹೊರೆ. ಆ ತಿಂಗಳು ನಮ್ಮ ಹಿತ್ತಲಲ್ಲಿ ಎರಡು ಮಳೆಗಾಲಕ್ಕಾಗುವಷ್ಟು ಕಟ್ಟಿಗೆ ಬಿತ್ತು. ಇಷ್ಟು ಅನುಕೂಲಸ್ಥರ ಮನೆಯಲ್ಲಿ ಸೊಸೆಯನ್ನು ಕಟ್ಟಿಗೆಗೆ ಕಳಿಸುತ್ತಾರಲ್ಲ, ಎಂಥ ಜಿಪುಣಿ ಎಂದು ಊರು ಮಾತಾಡಿಕೊಂಡಿತು. ಜಿಪುಣಿ ಅನ್ನಿಸಿಕೊಳ್ಳಲು ಅತ್ತೆಗೆ ಬೇಸರವಿರಲಿಲ್ಲ. ಹುಚ್ಚಿ ಅನ್ನಿಸಿಕೊಳ್ಳಲು ಮಾತ್ರ ತಯಾರಿರಲಿಲ್ಲ.

ಮಾವ ಕಲಿಸಿದ ಪಾಠ ಒಂದೇ. "ಮಾತಾಡಕೋತ ಹತ್ತರಿ. ಮಾತಾಡಾಕ ಉಸರ ಸಾಲದು ಅಂದ್ರ ನಡಿಗಿ ಸಾವಕಾಶ ಮಾಡರಿ. ಓಡಿ ಹತ್ತಿ ಕುಂದ್ರೂದಕ್ಕಿಂತ ಮೆಲ್ಲಕ ನಡಕೋತ ಇರೂದು ಚಲೋ." ಮಾತಾಡು ಎಂದು ಯಾರಾದರೂ ಅತ್ತೆಗೆ ಹೇಳಬೇಕೇ? ಆ ಗುಡ್ಡದ ದಾರಿಯಲ್ಲಿ ನಾನು ನಮ್ಮ ಬೀಗರು ಬಿಜ್ಜರ ಚರಿತ್ರೆಯನ್ನೆಲ್ಲ ಕೇಳಿದೆ. ಯಾರು ಯಾರ ಮದುವೆಯಲ್ಲಿ ಮುನಿಸಿಕೊಂಡು ಊಟ ಬಿಟ್ಟರು, ಯಾರ ಮನೆಯ ಹೋಳಿಗೆಯಲ್ಲಿ ಹೂರಣ ಇರಲಿಲ್ಲ, ಎಲ್ಲ. ಮೊದಲ ವಾರ ಪ್ರತಿ ಬಂಡೆಗೂ ನಿಂತು ಏದುಸಿರು ಬಿಡುತ್ತಿದ್ದ ಅತ್ತೆ, ತಿಂಗಳು ತುಂಬುವ ಹೊತ್ತಿಗೆ ಒಂದು ಇಡೀ ಮದುವೆಯ ಜಗಳವನ್ನು ತಳದಿಂದ ತುದಿಯವರೆಗೆ ನಿಲ್ಲದೆ ಹೇಳಿ ಮುಗಿಸುತ್ತಿದ್ದರು. ಈಗ ನೆನೆದರೆ, ಆಕೆ ನನಗೆ ಅತ್ತೆಯಿಂದ ತಾಯಿಯಾದದ್ದು ಆ ಗುಡ್ಡದ ಮೇಲೆಯೇ. ತವರು ಬಿಟ್ಟು ಬಂದ ಮೇಲೆ ಅಷ್ಟು ನಕ್ಕಿದ್ದೆಂದರೆ ಅದೇ ಮೊದಲು.

ಕೊನೆಗೆ ಒಂದು ದೊಡ್ಡ ಪರೀಕ್ಷೆ ಆಗಬೇಕೆಂದು ಮಾವ ನಮ್ಮನ್ನು ಗುಡ್ಡದ ಸಾಲು ಹಿಡಿಸಿ ನನ್ನ ತವರು ಅಂಕಲಗಿಯವರೆಗೆ ನಡೆಸಿದರು. ಅತ್ತೆ-ಸೊಸೆ ಇಬ್ಬರೂ ಗಂಟು ಹೊತ್ತು, ಧೂಳು ಮೆತ್ತಿಕೊಂಡು ಬಾಗಿಲಿಗೆ ಬಂದದ್ದನ್ನು ನೋಡಿ ನನ್ನ ಅವ್ವನ ಎದೆ ಧಸಕ್ಕೆಂದಿತು. ಮಗಳನ್ನು ಬಿಟ್ಟುಹೋಗಲು ಬಂದರೆಂದು ಆಕೆ ತಿಳಿದಿದ್ದಳು. ಅತ್ತೆ ಕಟ್ಟೆಯ ಮೇಲೆ ಕಾಲು ಚಾಚಿ, "ಜಗಳ ಇಲ್ಲ ತಾಯಿ, ತಾಲೀಮು," ಎಂದರು. ಅವ್ವನಿಗೆ ಅರ್ಥವಾಗಲು ಎರಡು ಬಟ್ಟಲು ಮಜ್ಜಿಗೆ ಬೇಕಾಯಿತು.

ಹೊರಡುವ ಮುಂಚಿನ ದಿನಗಳಲ್ಲಿ ಮನೆ ತುಂಬ ಕಟಕ ರೊಟ್ಟಿಯ ವಾಸನೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು, ಬೆಲ್ಲದ ಅಚ್ಚು, ಬಿಸಿಲ ಝಳಕ್ಕೆ ಸೊಂಟದಲ್ಲಿ ಸಿಕ್ಕಿಸಿಕೊಳ್ಳಲು ಉಳ್ಳಾಗಡ್ಡಿ. ಯಜಮಾನರು ಗೋಕಾಕದಿಂದ ಕರದಂಟು ತಂದುಕೊಟ್ಟರು, ತಂಗಿಯ ಮೇಲಿನ ಪ್ರೀತಿ ತೋರಿಸಲು ಅವರಿಗೆ ಅದೊಂದೇ ದಾರಿ ಗೊತ್ತಿತ್ತು. ಹಸಿರು ಸೀರೆ, ಖಣ, ಬಳೆಗಳ ಗಂಟನ್ನು ಮಾತ್ರ ಅತ್ತೆ ಯಾರ ಕೈಗೂ ಕೊಡಲಿಲ್ಲ. ಅದನ್ನು ತಮ್ಮ ನಡುವಿಗೇ ಬಿಗಿದುಕೊಂಡರು.

ಆಮೇಲೆ ಮಾವ ದೇವರ ಜಗಲಿಯ ಮುಂದೆ ನಮ್ಮಿಬ್ಬರನ್ನೂ ಕೂರಿಸಿ ಒಂದು ಮಾತು ತೆಗೆದುಕೊಂಡರು.

"ಹೊತ್ತು ನೆತ್ತಿಗೆ ಬರೂದ್ರಾಗ ಘಟ್ಟದ ತುದಿಗಿರೂ ಕಣಿವಿ ದಾರಿ ಮುಟ್ಟಬೇಕು. ಮುಟ್ಟಿದ್ರ ಇಳದು ದೀಪಾ ಹಚ್ಚೂದ್ರಾಗ ಊರು ಸೇರತೇವಿ. ಮುಟ್ಟಲಿಲ್ಲ ಅಂದ್ರ, ಎಷ್ಟ ಹತ್ತರ ಇದ್ರೂ, ಅಲ್ಲಿಂದನ ಹೊಳ್ಳಿ ಬರೂದು. ಅಡವ್ಯಾಗ ಕತ್ತಲಿ ಆಗಬಾರದು. ಹುಲಿ ಐತಿ, ಜಾರೂ ಕಲ್ಲ ಐತಿ. ಆಗ ಅತ್ತರೂ ಕೇಳಾಂವಲ್ಲ ನಾ."

"ಆತು," ಎಂದು ಅತ್ತೆ ವಿಭೂತಿ ಮುಟ್ಟಿ ಆಣೆ ಮಾಡಿದರು. ಅಷ್ಟು ತಾಲೀಮು ಮಾಡಿದವರಿಗೆ ಆಣೆ ಯಾವ ದೊಡ್ಡ ಮಾತು!

ಊರೂರಿಗೆ ತಂಗುತ್ತ, ಪರಿಚಯದವರ ಮನೆಗಳಲ್ಲಿ ಉಣ್ಣುತ್ತ, ಘಟ್ಟದ ಈ ಮಗ್ಗುಲ ಬುಡದ ಕೊನೆಯ ಹಳ್ಳಿ ಸೇರಿದೆವು. ಅಲ್ಲಿಂದ ಉಪ್ಪಿನ ಹೇರಿನವನೊಬ್ಬ ಮತ್ತು ಅವನ ಹೆಂಡತಿ ನಮ್ಮ ಜೊತೆಯಾದರು. ಅವನ ಎತ್ತುಗಳು ಕೊಂಕಣದಲ್ಲೇ ಇದ್ದವು, ಗಂಡಹೆಂಡತಿ ಬರಿಗೈಯಲ್ಲಿ ಹೊರಟಿದ್ದರು. ಅವನು ಬಾಯಿಬಡುಕ. ನೀರಿನ ಚಿಂತೆ ಯಾಕೆ ಮಾಡುತ್ತೀರಿ, ಅರ್ಧ ಏರಿದ ಮೇಲೆ ಕಲ್ಲಿನ ಹೊಂಡ ಇದೆ, ಕಡುಬೇಸಿಗೆಯಲ್ಲೂ ಬತ್ತಿದ್ದು ನಾನು ಕಂಡಿಲ್ಲ ಎಂದು ಎದೆ ತಟ್ಟಿದ. ಮಾವ ಆದರೂ ಎರಡು ತಂಬಿಗೆ, ಒಂದು ಸೋರೆಬುರುಡೆ ತುಂಬಿಸಿಕೊಂಡರು.

ಇಲ್ಲಿ ಒಂದು ಮಾತು ಹೇಳಬೇಕು. ಅತ್ತೆ ದಿನಾ ಜಳಕ ಮಾಡಿ, ಕೊರಳಿನ ಕರಡಿಗೆ ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವವರೆಗೆ ಬಾಯಿಗೆ ಒಂದು ಹನಿ ನೀರೂ ಹಾಕುತ್ತಿರಲಿಲ್ಲ. ಅದು ನಮ್ಮ ಜನರಲ್ಲಿ ಹೊಸದೇನಲ್ಲ. ಆದರೆ ಅತ್ತೆಯದು ಬಹಳ ಬಿಗಿ. ಅವಸರದ ಪೂಜೆ ಪೂಜೆಯೇ ಅಲ್ಲ ಎನ್ನುವವರು. ಮನೆಯಲ್ಲಿ ನಸುಕಿನಲ್ಲೇ ಹಂಡೆ ಕಾದಿರುತ್ತಿತ್ತು, ಪೂಜೆ ಮುಗಿಸಿ, ನಾಷ್ಟಾ ಮಾಡಿಯೇ ನಾವು ಗುಡ್ಡಕ್ಕೆ ಹೋಗುತ್ತಿದ್ದೆವು. ಅಂಕಲಗಿಗೆ ಹೋದ ದಿನವೂ ಹಾಗೆಯೇ. ಚಪ್ಪಲಿ ನೆನೆಹಾಕಿದೆವು, ಮೊಳಕಾಲು ಪಳಗಿಸಿದೆವು, ಉಳ್ಳಾಗಡ್ಡಿ ಕೂಡ ನೆನಪಾಯಿತು. ಪೂಜೆಯಾಗದ ಮುಂಜಾನೆ ಒಂದು ಬಂದರೆ ಏನು ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಬಂತು. ಕೋಳಿ ಕೂಗುತ್ತಲೇ ಹೇರಿನವನು ಬಾಗಿಲು ಬಡಿದ. ತಂಗಿದ್ದ ಮನೆಯಲ್ಲಿ ಹಂಡೆಗೆ ಉರಿ ಹಾಕಿರಲಿಲ್ಲ, ಬಾವಿ ಊರಾಚೆ. ನಾನು ಕೈಕಾಲು ಮುಖ ತೊಳೆದು, ಲಿಂಗಕ್ಕೆ ಕೈಮುಗಿದು ಮುಗಿಸಿದೆ. ನನ್ನ ದೇವರಿಗೆ ನನ್ನ ಸ್ವಭಾವ ಗೊತ್ತು. ಅತ್ತೆ ಒಪ್ಪಲಿಲ್ಲ.

"ಮ್ಯಾಲೆ ಹೊಂಡಾ ಐತೆಲ್ಲ. ತಂಪ ನೀರಾಗ ಜಳಕಾ ಮಾಡಿ, ನಿವಾಂತ ಕುಂತು ಪೂಜಿ ಮಾಡತೇನಿ," ಎಂದು ಸೀರೆ ಮೇಲೆತ್ತಿ ಕಟ್ಟಿ ಹೊರಟೇಬಿಟ್ಟರು.

ಎಷ್ಟು ಚೆನ್ನಾಗಿ ಏರಿದರೆಂದರೆ, ಹೇರಿನವನ ಹೆಂಡತಿಯೇ ಹಿಂದೆ ಬಿದ್ದಳು. ಅತ್ತೆಗೆ ಅದು ಗೊತ್ತಾಗಿ ಸೆರಗಿನಲ್ಲಿ ನಕ್ಕರು. ಬಾಯಿ ಎಡೆಬಿಡದೆ ನಡೆದಿತ್ತು. ಹುಟ್ಟುವ ಕೂಸಿಗೆ ಹೆಣ್ಣಾದರೆ ಏನು ಹೆಸರು, ಗಂಡಾದರೆ ಏನು, ಅಳಿಯನ ತಾಯಿಯ ಮುಂದೆ ಯಾವ ಮಾತು ಎತ್ತಬಾರದು, ಎಲ್ಲ ನನಗೆ ಹೇಳಿಕೊಟ್ಟರು.

ಹೊಂಡ ಬಂತು. ನೀರಿರಲಿಲ್ಲ. ತಳದ ಕೆಸರು ಬಿರುಕು ಬಿಟ್ಟಿತ್ತು, ನಡುವೆ ಹಸಿರುಗಟ್ಟಿದ ಒಂದು ಬೊಗಸೆ, ಅದರ ಸುತ್ತ ದನದ ಗೊರಸು.

"ಹ್ವಾದ ವರ್ಸ ತುಂಬಿತ್ತರಿ," ಎಂದ ಹೇರಿನವ.

"ಹ್ವಾದ ವರ್ಸ ನಾವೂ ಬಂದಿರಲಿಲ್ಲ," ಎಂದೆ ನಾನು. ಮಾವನ ಮುಂದೆ ಅಷ್ಟು ದನಿ ಎತ್ತಿದ್ದು ಅದೇ ಮೊದಲು.

ಮಾವ ಒಂದು ತಂಬಿಗೆ ಮುಂದೆ ಹಿಡಿದು, ಇದರಲ್ಲೇ ಕೈಕಾಲು ತೊಳೆದುಕೊಂಡು ಪೂಜೆ ಮುಗಿಸು ಎಂದರು. ಅತ್ತೆ ತಂಬಿಗೆಯನ್ನು ಹಿಂದಕ್ಕೆ ನೂಕಿದರು. ಅದು ಎಲ್ಲರಿಗೂ ಕುಡಿಯುವ ನೀರು, ಮೇಲಾಗಿ ಜಳಕವಿಲ್ಲದೆ ಲಿಂಗ ಮುಟ್ಟಿದ ದಿನ ತಮ್ಮ ಬದುಕಿನಲ್ಲೇ ಇಲ್ಲ. ಕಣಿವೆ ದಾಟಿದರೆ ಆ ಮಗ್ಗುಲಿಗೆ ಒರತೆ ಇದೆ ಎಂದು ಹೇರಿನವ ಅಂದದ್ದೇ ತಡ, "ಹಂಗಾರ ಅಲ್ಲೇ ಮಾಡತೇನಿ, ನಡೀರಿ," ಎಂದು ಎದ್ದರು. ಮಾವ ಹಲ್ಲು ಕಚ್ಚಿದ್ದು ಕಂಡಿತು. ಆದರೆ ಮತ್ತೆ ಹೇಳುವ ಸ್ವಭಾವ ಅವರದಲ್ಲವಲ್ಲ.

ಆಮೇಲೆ ಬಿಸಿಲು ಏರಿತು. ಬರಿ ಕಲ್ಲಿನ ಏರು, ಗಿಡವಿಲ್ಲ. ಬಂಡೆಯ ಮೇಲೆ ಕೈ ಇಟ್ಟರೆ ಸುಡುತ್ತಿತ್ತು. ನಾವು ಒಂದೊಂದು ಗುಟುಕು ಕುಡಿಯುತ್ತ ನಡೆದೆವು. ಅತ್ತೆ ಆ ಕಡೆ ನೋಡುತ್ತಲೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ನನಗೆ ಏನೋ ಕಳೆದುಹೋದಂತೆ ಅನ್ನಿಸಿ ತಿರುಗಿ ನೋಡಿದೆ. ಅತ್ತೆಯ ಮಾತು ನಿಂತಿತ್ತು. ತುಟಿಗಳು ಬೆಳ್ಳಗಾಗಿದ್ದವು. ಕೈ ಹಿಡಿದೆ, ಬೆವರೇ ಇಲ್ಲ, ಚರ್ಮ ಒಣಗಿ ಸುಡುತ್ತಿತ್ತು. ಎರಡು ಹೆಜ್ಜೆ ಇಟ್ಟು ಬಂಡೆಗೊರಗಿ ಕುಸಿದರು. "ಎಮ್ಮಿ ಹಿಂಡಿದೇನ?" ಎಂದು ನನ್ನನ್ನು ಕೇಳಿದರು. ಆ ಘಟ್ಟದ ನಡುವೆ ಎಮ್ಮೆ ಎಲ್ಲಿಯದು!

ಬಂಡೆಯ ನೆರಳಿಗೆ ಎಳೆದು ಮಲಗಿಸಿದೆವು. ಮಾವ ತಮ್ಮ ತಲೆಯ ಪಟಕ ಬಿಚ್ಚಿ, ನೀರಲ್ಲಿ ತೊಯಿಸಿ, ಆಕೆಯ ಕತ್ತು ತೋಳು ಒರೆಸಿದರು. ಗಂಡ ಹೆಂಡತಿಯನ್ನು ಎಲ್ಲರ ಮುಂದೆ ಮುಟ್ಟುವ ಕಾಲವಲ್ಲ ಅದು. ಅತ್ತೆಗೆ ಸ್ವಲ್ಪ ಎಚ್ಚರ ಬಂತು. ತಂಬಿಗೆ ಬಾಯಿಗೆ ಹಿಡಿದೆ. ಹಲ್ಲು ಬಿಗಿದರು.

ನನಗೆ ಸಿಟ್ಟು ನೆತ್ತಿಗೇರಿತು. "ಅತ್ತಿ, ನೀವು ಕುಡೀಲಿಲ್ಲ ಅಂದ್ರ ಇಲ್ಲೇ ಸಾಯತೀರಿ. ನಿಮ್ಮ ಮಗಳಿಗೆ ನಾ ಏನ ಹೇಳ್ಲಿ? ಕುಬಸದ ಗಂಟಿನ ಜೋಡಿ ಈ ಸುದ್ದೀನೂ ತಂದೇನಿ ಅನ್ಲೇನ?"

ಮಾವ ಮೆಲ್ಲಗೆ, "ಮುಂಜಾನಿಂದ ಮೈತುಂಬ ಬೆವರು ಹರದೈತಿ ನಿನಗ. ಅದ ನಿನ್ನ ಜಳಕ ಅಂತ ತಿಳಕೋ," ಎಂದರು.

ಅದಕ್ಕೂ ಆಕೆ ಒಪ್ಪಲಿಲ್ಲ. ನಡುವಿನ ಗಂಟನ್ನು ತಡವಿ ನೋಡಿದರು. ಮೇಲೆ ಕಣಿವೆಯ ಕಡೆ ನೋಡಿದರು. ಆಮೇಲೆ, "ತಾ," ಎಂದರು. ಎಡಗೈಯಲ್ಲಿ ಕರಡಿಗೆಯನ್ನು ಮುಚ್ಚಿ ಹಿಡಿದುಕೊಂಡರು, ಎಳೆಗೂಸಿನ ಕಣ್ಣು ಮುಚ್ಚಿದ ಹಾಗೆ. ಬಲಗೈಯಲ್ಲಿ ತಂಬಿಗೆ ಹಿಡಿದು ಕುಡಿದರು. ಗುಟುಕು ಗುಟುಕಿಗೂ ಕಣ್ಣಿಂದ ನೀರು ಇಳಿಯುತ್ತಿತ್ತು. ನಾವು ಬೇರೆ ಕಡೆ ನೋಡಿದೆವು.

ಜೀವ ತಿರುಗಿ ಬಂತು. ಬೆಲ್ಲ ನೆಕ್ಕಿದರು, ಮತ್ತೆ ಕುಡಿದರು, ಮಾತು ಸರಿಯಾಯಿತು. ಎದ್ದು ನಿಂತು ಸೆರಗು ಕೊಡವಿದರು. ಕಣಿವೆ ಕಣ್ಣೆದುರೇ ಇತ್ತು. ಆದರೆ ನಮ್ಮ ನೆರಳು ಕಾಲಬುಡದಲ್ಲಿ ಸೇರಿಹೋಗಿತ್ತು.

"ಹೊತ್ತು ನೆತ್ತಿಗೆ ಬಂತು," ಎಂದರು ಮಾವ. "ಹೊಳ್ಳಿ ಹೋಗೂಣು."

ಅತ್ತೆ ನಂಬದವರ ಹಾಗೆ ನೋಡಿದರು. "ಅಲ್ಲೇ ಕಾಣಾಕತ್ತೈತೆಲ್ರಿ. ಎರಡು ಹೆಜ್ಜಿ."

"ಕಣಿವಿ ಎರಡು ಹೆಜ್ಜಿ. ಅದರಾಚೆಗಿನ ಇಳಕಲ ಅಲ್ಲ. ನಡಬರಕ ನೀ ಮತ್ತ ಬಿದ್ರ, ಕತ್ತಲ್ಯಾಗ ನಿನ್ನ ಹೊರೂರ್ಯಾರು? ಹಿಂದಿನ ಊರಿಗೆ ನೆರಳ ಹಿಡಕೊಂಡು ಮೆಲ್ಲಕ ಇಳೀಬಹುದು. ಮುಂದ ಆಗೂದಿಲ್ಲ."

"ನಾ ನೀರು ಕುಡದೇನಿ!" ಅತ್ತೆ ಕೂಗಿದರು. ಆ ದನಿ ನಾನು ಯಾವತ್ತೂ ಕೇಳಿರಲಿಲ್ಲ. "ಯಾತಕ್ಕ ಕುಡದೇನಿ ಅಂತ ತಿಳದೀರಿ? ಹೊಳ್ಳಿ ಹೋಗಾಕ ಕುಡದೇನೇನ?"

ದಾರಿಗೆ ಅಡ್ಡ ನಿಂತಿದ್ದ ಮಾವ ಸರಿಯಲಿಲ್ಲ. ಅವರು ಮಾಡಿದ್ದು ಸರಿ ಎಂದು ಅವತ್ತೂ ನನಗೆ ಗೊತ್ತಿತ್ತು, ಇವತ್ತೂ ಗೊತ್ತು. ಆದರೂ ಆ ಗಳಿಗೆಯಲ್ಲಿ ಅವರ ಮೇಲೆ ನನಗೆ ಹುಟ್ಟಿದ ಸಿಟ್ಟು ಪೂರ್ತಿ ಇಳಿದಿಲ್ಲ.

ಅತ್ತೆ ಕಣಿವೆಯ ಕಡೆ ಇನ್ನೊಮ್ಮೆ ನೋಡಿದರು. ನಂತರ ನಡುವಿನ ಗಂಟು ಬಿಚ್ಚಿ ನನ್ನ ನಡುವಿಗೆ ಕಟ್ಟಿದರು. ಎರಡು ಗಂಟು ಹಾಕಿ, ಎಳೆದು ನೋಡಿದರು.

"ನಿನ್ನ ಕಾಲಾಗ ಕಸುವ ಐತಿ, ನೀ ಹೋಗು. ಬಳಿ ಇಡಸೂಮುಂದ ಸಾವಕಾಶ, ಆಕಿ ಕೈ ಬಾಳ ಮೆತ್ತಗ," ಎಂದರು. ಗಟ್ಟಿ ಕಾಲಿನವರು ಬಿರುಸಾಗಿ ನಡೆದರೆ ಕತ್ತಲೆಯೊಳಗೆ ಮುಟ್ಟುತ್ತಾರೆಂದು ಮಾವನೂ ತಲೆಯಾಡಿಸಿದರು. ಅತ್ತೆ ಹೇರಿನವನ ಹೆಂಡತಿಯ ಕೈ ಹಿಡಿದು, "ನನ್ನ ಸೊಸಿ ಜ್ವಾಕಿ ತಂಗಿ," ಎಂದರು. ಮಾವನ ಹಿಂದೆ ಇಳಿಯತೊಡಗಿದವರು ಒಮ್ಮೆಯೂ ತಿರುಗಿ ನೋಡಲಿಲ್ಲ.

ನಾವು ಕಣಿವೆ ದಾಟಿ, ಬಿರಬಿರನೆ ಇಳಿದು, ದೀಪ ಹಚ್ಚುವ ಹೊತ್ತಿಗೆ ಊರು ಮುಟ್ಟಿದೆವು. ನಾದಿನಿ ಕಟ್ಟೆಯ ಮೇಲೆ ಕೂತು ದಾರಿ ಕಾಯುತ್ತಿದ್ದಳು. ನನ್ನನ್ನು ಕಂಡು ಹೊಟ್ಟೆ ಹಿಡಿದುಕೊಂಡು ಎದ್ದಳು. ನನ್ನ ಭುಜದಾಚೆ ನೋಡಿದಳು. ಅಲ್ಲಿ ಹೇರಿನವ ಮತ್ತು ಅವನ ಹೆಂಡತಿ ಇಬ್ಬರೇ ಇದ್ದರು.

"ವೈನಿ, ಅವ್ವ ಎಲ್ಲಿ?"

ಒಳಗೆ ಕೂರಿಸಿ ಎಲ್ಲ ಹೇಳಿದೆ. ತಿಂಗಳ ತಾಲೀಮು, ಬೇವಿನ ಗಿಡದ ಮರೆಯ ಚಪ್ಪಲಿ, ಬತ್ತಿದ ಹೊಂಡ. ನಗುವಲ್ಲಿ ನಕ್ಕಳು. ತಾಯಿ ಬಿದ್ದ ಮಾತಿಗೆ ಬಂದಾಗ ಹತ್ತಿರ ಸರಿದು ಕೂತಳು. ನೀರು ಕುಡಿಸಿ ಎಚ್ಚರ ತಂದೆವು, ಈಗ ಆರಾಮಿದ್ದಾರೆ, ಏನೂ ಹೆದರಬೇಡ ಎಂದೆ. ಅವಳು ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು.

"ಅವ್ವ ನೀರು ಕುಡದಳಾ? ಪೂಜಿ ಆಗೂಕಿಂತ ಮೊದಲ?"

"ಹೂಂ."

"ನನ್ನ ಹಡಿಯೂಮುಂದ ರಾತ್ರಿಂದ ಮರುದಿನ ಮಧ್ಯಾಹ್ನತನಾ ಬ್ಯಾನಿ ತಿಂದಿದ್ದಳಂತ, ವೈನಿ. ಪೂಜಿ ಆಗಿಲ್ಲಂತ ಆಗೂ ಒಂದ ಹನಿ ನೀರ ಕುಡದಿದ್ದಿಲ್ಲಂತ."

ಅವಳು ಹಾಗೇ ನನ್ನ ಕೈ ಹಿಡಿದುಕೊಂಡು ಕೂತಳು. ಒಳಗಿನಿಂದ ಅವಳ ಅತ್ತೆ ಊಟಕ್ಕೆ ಕರೆದರು. ಇಬ್ಬರಿಗೂ ಏಳಲಾಗಲಿಲ್ಲ.